ಮಳೆಗೆ ಹೆದರುವ ಹೊಳೆ

ಮಗಳು ಶಾಲೆಯಲ್ಲಿ ಬಾಯಿ ಬಿಟ್ಟಳು ಎಂಬ ಸುದ್ದಿ ಅವನಿಗೆ ಸಿಕ್ಕಿದ್ದು ಹೆಂಡತಿಯಿಂದ, ಅದೂ ಇಸ್ತ್ರಿಪೆಟ್ಟಿಗೆಯ ಹಬೆಯ ಆಚೆಯಿಂದ. ಅವಳು ಯಾರದೋ ಅಂಗಿಯ ಕಾಲರು ಒತ್ತುತ್ತ, ತಲೆ ಎತ್ತದೆ, “ನಿಮ್ಮ ಮಗಳು ಇವತ್ತು ಕಾಗೆ ಆಗಿದ್ದಳಂತೆ” ಎಂದಳು.

ಅವನು ಆಗಷ್ಟೇ ಪಾಳಿ ಮುಗಿಸಿ ಬಂದು ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ. ಬಣ್ಣದ ಕಾರ್ಖಾನೆಯ ಬೂಟು ಎಂದರೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಅವತ್ತಿನದು ಇಂಥದೆಂದು ಹೇಳಲು ಬಾರದ ಬಣ್ಣ. ಕಾಗೆಯಾದರೆ ಆಗಲಿ, ಬಾಯಿ ಬಿಟ್ಟಳಾ ಹೇಳು ಎಂದು ತಮಾಷೆ ಮಾಡಿದ.

“ಅದನ್ನೇ ಹೇಳ್ತಿರೋದು. ಕಾ ಅಂದಳಂತೆ. ಆಮೇಲೆ ಮಾತೂ ಆಡಿದಳಂತೆ. ಇಡೀ ಕ್ಲಾಸು ಕೇಳಿಸ್ಕೊಂಡಿದೆ.”

ಅವನು ಒಂದು ಕಾಲಿನ ಬೂಟಿನಲ್ಲೇ ನಿಂತುಬಿಟ್ಟ.

ಹುಡುಗಿಗೆ ನಾಲಿಗೆ ಇರಲಿಲ್ಲವೆಂದಲ್ಲ. ಮನೆಯಲ್ಲಿ ಹಾಸಿಗೆಯಿಂದ ಏಳುವಾಗ ಶುರುವಾದ ಮಾತು ಮತ್ತೆ ಹಾಸಿಗೆಗೆ ಬೀಳುವ ತನಕ ನಿಲ್ಲುತ್ತಿರಲಿಲ್ಲ. ನಲ್ಲಿಯ ಜೊತೆ, ಚಪ್ಪಲಿಯ ಜೊತೆ, ಅಮ್ಮ ಇಸ್ತ್ರಿ ಮಾಡುವ ಪರರ ಪ್ಯಾಂಟುಗಳ ಜೊತೆ ಅವಳ ಹರಟೆ. ಶಾಲೆಯ ಹೊಸ್ತಿಲು ದಾಟಿದರೆ ಮಾತ್ರ ಬಾಯಿಗೆ ಬೀಗ. ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಹೊಟ್ಟೆನೋವು ಬಂದರೂ ಹೇಳದೆ ಬೆಂಚಿನ ಮೇಲೆ ಮುದುಡಿಕೊಂಡು ಕೂತಿರುತ್ತಿದ್ದಳು. ಮನೇಲಿ ಹುಲಿ, ಬೀದೀಲಿ ಇಲಿ ಎಂದು ಸಾಲುಮನೆಯವರೆಲ್ಲ ನಕ್ಕರು. ಮೊದಮೊದಲು ಅಪ್ಪ ಅಮ್ಮನೂ ನಕ್ಕರು. ಐದನೇ ತರಗತಿಗೆ ಬರುವ ಹೊತ್ತಿಗೆ ನಗುವವರು ಉಳಿದಿರಲಿಲ್ಲ. ಹೆಡ್‌ಮಾಸ್ಟರು ಕರೆಸಿ, ಈ ವರ್ಷವೂ ಹೀಗೇ ಆದರೆ ಇಂಥ ಮಕ್ಕಳಿಗೆಂದೇ ಇರುವ ಬೇರೆ ಶಾಲೆಗೆ ಸೇರಿಸಿ, ನಮ್ಮಿಂದಾಗದು ಎಂದಿದ್ದರು. ಆ ಬೇರೆ ಶಾಲೆ ಊರಿನ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋದ ಮಕ್ಕಳು ಮತ್ತೆ ಈ ಕಡೆಯ ಶಾಲೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಅಂಥ ಹೊತ್ತಿನಲ್ಲಿ ನಾಟಕದ ಮೇಡಂ ಬಂದರು. ಕಾಯಂ ಕೆಲಸದವರಲ್ಲ, ಸ್ಕೂಟರಿನಲ್ಲಿ ಒಂದು ಚೀಲ ಹಳೆಯ ದುಪ್ಪಟ್ಟಗಳನ್ನು ಹೇರಿಕೊಂಡು ಶಾಲೆಯಿಂದ ಶಾಲೆಗೆ ತಿರುಗುವವರು. ಅವರ ಕ್ಲಾಸಿನಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ನಡುವೆ ಒಂದು ಕುರ್ಚಿ ಇಡುತ್ತಿದ್ದರು. ಮಕ್ಕಳು ಅದಕ್ಕೆ ‘ಆಗೋ ಕುರ್ಚಿ’ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಕೂತವರು ತಾವಾಗಿರುವ ಹಾಗಿಲ್ಲ. ಮರವಾಗಬೇಕು, ಬಸ್ಸಾಗಬೇಕು, ಕಸದ ಬುಟ್ಟಿಯಾಗಬೇಕು. ಉಳಿದವರು ಪ್ರಶ್ನೆ ಕೇಳುತ್ತಾರೆ. ಮರವಾದರೆ ಮರ ಹೇಳುವುದನ್ನೇ ಹೇಳಬೇಕು, ಸುಳ್ಳು ಹೇಳಬಾರದು. ಇನ್ನೊಂದು ನಿಯಮವೂ ಇತ್ತು. ಕುರ್ಚಿಯಲ್ಲಿ ಆಡಿದ ಮಾತಿಗೆ ಹೊರಗೆ ಯಾರೂ ಬಯ್ಯುವ ಹಾಗಿಲ್ಲ. ಮಗಳು ಈ ನಿಯಮವನ್ನು ಮನೆಯಲ್ಲಿ ಎಷ್ಟು ಸಲ ಒಪ್ಪಿಸಿದಳೆಂದರೆ ಅದು ಅವನಿಗೂ ಬಾಯಿಪಾಠವಾಯಿತು. ಅವಳು ಅವಳಲ್ಲದೆ ಬೇರೆ ಯಾರೋ ಆದ ಕೂಡಲೇ ಬೀಗ ತಾನಾಗಿ ಕಳಚಿಕೊಂಡಿತ್ತು. ಕಾಗೆಯಾಗಿ ಊರಿನ ಎಂಜಲೆಲೆಗಳ ಬಗ್ಗೆ ಮಾತಾಡಿದವಳು ಮರುವಾರ ಪ್ಲಾಸ್ಟಿಕ್ ಚೀಲವಾಗಿ, ಎಸೆದವರು ಯಾರೂ ತಿರುಗಿ ನೋಡದ ದುಃಖವನ್ನು ಹೇಳಿ, ಕ್ಲಾಸಿನ ಪುಂಡನೊಬ್ಬನ ಕಣ್ಣಲ್ಲಿ ನೀರು ತರಿಸಿದಳಂತೆ. ಹೆಡ್‌ಮಾಸ್ಟರು ಬೇರೆ ಶಾಲೆಯ ಮಾತು ಎತ್ತುವುದನ್ನು ನಿಲ್ಲಿಸಿದರು.

ಆಮೇಲೆ ಮೇಡಂ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಊರಿನ ಹೊಳೆಯ ಮೇಲೆ ಮಕ್ಕಳೇ ಕಟ್ಟುವ ನಾಟಕ. ಬರೆದ ಮಾತುಗಳಿಲ್ಲ. ಒಬ್ಬರು ಮೀನು, ಒಬ್ಬರು ಸೇತುವೆ, ಒಬ್ಬರು ಕಾರ್ಖಾನೆ; ಎಲ್ಲರೂ ಹೊಳೆಯನ್ನು ಕುರ್ಚಿಯಲ್ಲಿ ಕೂರಿಸಿ ವಿಚಾರಿಸುತ್ತಾರೆ. ಹೊಳೆಯ ಪಾತ್ರ ಅವನ ಮಗಳಿಗೆ ಬಂತು. ಮನೆಯಲ್ಲಿ ಹಿರಿಯರನ್ನು ಹೊಳೆಯಾಗಿ ಕೂರಿಸಿ ಕೇಳಿಕೊಂಡು ಬನ್ನಿ, ಅವರು ಹೇಳಿದ್ದರಿಂದ ನಿಮಗೆ ಮಾತು ಹುಟ್ಟುತ್ತದೆ ಎಂದು ಮೇಡಂ ಹೇಳಿ ಕಳಿಸಿದ್ದರು.

ಹಾಗಾಗಿ ಒಂದು ಸಂಜೆ, ಇಸ್ತ್ರಿಯಾದ ಬಟ್ಟೆಗಳ ಗಂಟನ್ನು ಕುರ್ಚಿಯಿಂದ ಇಳಿಸಿ, ಮಗಳು ಅಪ್ಪನನ್ನು ಅದರಲ್ಲಿ ಕೂರಿಸಿದಳು.

“ಈಗ ನೀನು ಹೊಳೆ.”

“ನನಗೆ ಈಜೋಕೇ ಬರಲ್ವಲ್ಲೇ.”

“ಹೊಳೆಗೆ ಯಾಕೆ ಈಜು? ಸುಮ್ನೆ ಕೂತ್ಕೋ ಅಪ್ಪ.”

ಹೊಳೆ ಸ್ನಾನ ಮಾಡಿ ಎಷ್ಟು ದಿನವಾಯಿತು ಎಂದು ಮೊದಲು ಕೇಳು ಅಂತ ಅಮ್ಮ ಒಳಗಿನಿಂದ ಕುಟುಕಿದಳು. ಮಗಳು ನಗಲಿಲ್ಲ. ಕೈ ಕಟ್ಟಿಕೊಂಡು ಎದುರಿಗೆ ನಿಂತು ವಯಸ್ಸೆಷ್ಟು ಎಂದು ಕೇಳಿದಳು. ನಿಮ್ಮಜ್ಜಿಯ ಅಜ್ಜಿಗಿಂತ ದೊಡ್ಡವಳು ಎಂದ. ಯಾರು ಇಷ್ಟ ಎಂದು ಕೇಳಿದಳು. ಬೆಳಗ್ಗೆ ಬೆಳಗ್ಗೆ ಬಂದು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂರುವವರು ಇಷ್ಟ, ಅವರು ಏನೂ ಕೇಳುವುದಿಲ್ಲ, ಏನೂ ಹಾಕುವುದಿಲ್ಲ ಎಂದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತು? ಪಾಳಿ ಮುಗಿಸಿ ಬಂದ ಮೈ ಸೋತಿತ್ತು, ಕುರ್ಚಿಗೆ ಬೆನ್ನು ಹತ್ತಿತ್ತು, ಎದುರಿಗೆ ನಿಂತವಳ ಮುಖದಲ್ಲಿ ಇವನು ಅಪ್ಪನೆಂಬ ಗುರುತೇ ಇರಲಿಲ್ಲ.

“ಹೊಳೆಯೇ, ನಿನಗೆ ಯಾವುದಕ್ಕೆ ಭಯ?”

“ಮಳೆಗೆ” ಎಂದ.

“ಮಳೆಗಾ? ಮಳೆ ಬಂದ್ರೆ ಹೊಳೆಗೆ ಖುಷಿ ಅಲ್ವಾ?”

“ಮೊದಲು ಖುಷಿ ಇತ್ತು. ಈಗ ಮೋಡ ಕಟ್ಟಿದ್ರೆ ಸಾಕು, ಎದೆ ಹೊಡ್ಕೊಳ್ಳುತ್ತೆ. ಮಳೆ ಜೋರಾದ ಕೂಡ್ಲೇ ಅವರು ಬಾಗಿಲು ತೆಗೀತಾರೆ. ಕತ್ತಲೆ ಕತ್ತಲೆಯಾಗಿ ಏನೋ ಒಳಗೆ ಬರುತ್ತೆ. ಮೇಲಿಂದ ಮಳೆ ಬೀಳ್ತಾ ಇರುತ್ತಲ್ಲ, ನಾನು ಕೂಗಿದ್ದು ಯಾರಿಗೂ ಕೇಳಲ್ಲ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ಅವನನ್ನೇ ನೋಡಿದಳು. ಅವನು ದಡಕ್ಕನೆ ಎದ್ದು, ಹೊಳೆಗೆ ಹಸಿವಾಗಿದೆ, ಊಟ ಹಾಕು ಎಂದ.

ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರು ಕಾರ್ಖಾನೆಯ ಹಿಂದಿನ ದೊಡ್ಡ ತೊಟ್ಟಿಗೆ ಬರಬೇಕು. ಸುಣ್ಣ ಬೆರೆಸಿ, ಕೆಸರು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಯಂತ್ರದಲ್ಲಿ ಸೋಸಿ ಹೊಳೆಗೆ ಬಿಡಬೇಕು. ಆದರೆ ಯಂತ್ರ ಓಡುತ್ತಿದ್ದುದು ತಪಾಸಣೆಯವರು ಬಂದಾಗ ಮಾತ್ರ. ಉಳಿದ ದಿನ ತೊಟ್ಟಿ ಸುಮ್ಮನೆ ತುಂಬುತ್ತಿತ್ತು, ಎಲ್ಲರೂ ಆಕಾಶ ನೋಡುತ್ತಿದ್ದರು. ಮಳೆ ಬಿದ್ದು ಹೊಳೆ ಕೆಂಪಾಗಿ ಉಕ್ಕಿದರೆ ತೊಟ್ಟಿಯ ತಳದ ವಾಲ್ವ್ ತೆಗೆಯಬಹುದು. ಮಣ್ಣಿನ ನೀರು ಯಾವುದು, ಬಣ್ಣದ ನೀರು ಯಾವುದು, ಆ ರಭಸದಲ್ಲಿ ಯಾರು ಕಂಡಾರು? ವಾಲ್ವಿಗೆ ಬಸ್ಸಿನ ಸ್ಟಿಯರಿಂಗಿನಷ್ಟು ದೊಡ್ಡ ಚಕ್ರ. ಅದನ್ನು ತಿರುಗಿಸುವುದು ಅವನ ಕೆಲಸ.

ಅವಳು ಅದನ್ನು ಶಾಲೆಯಲ್ಲಿ ಹೇಳಿದರೆ ಏನು ಗತಿ ಎಂದು ಹೆಂಡತಿ ಪಿಸುಗುಟ್ಟಿದಳು. ಗತಿ ಎಂಬುದು ಅವಳ ಬಾಯಲ್ಲಿ ಬರಿಯ ಮಾತಲ್ಲ. ಅವರು ಇದ್ದ ಸಾಲುಮನೆಯೂ ಕಾರ್ಖಾನೆಯದೇ, ಅವಳು ಒತ್ತುವ ಅಂಗಿಗಳಲ್ಲಿ ಅರ್ಧ ಕಾರ್ಖಾನೆಯ ಆಫೀಸಿನವರವು. ಮಕ್ಕಳ ಆಟ ಬಿಡು, ಮಳೆಗೆ ಹೆದರುವ ಹೊಳೆ ಎಂದರೆ ಯಾರಿಗೆ ತಿಳಿಯುತ್ತದೆ ಎಂದು ಅವನು ಸಮಾಧಾನ ಹೇಳಿದ. ನಿಜವಾದ ಕಾರಣ ಬೇರೆ ಇತ್ತು. ಇದನ್ನು ಹೇಳಬೇಡ ಎಂದರೆ ಮಗಳು ಏನನ್ನೂ ಹೇಳದೆ ಹೋದಾಳು. ತೆರೆದ ಬಾಯನ್ನು ಅಪ್ಪನೇ ಮುಚ್ಚಿಸುವುದೇ?

ಅವನು ಎಣಿಸಿದ್ದು ಅರ್ಧ ಸರಿಯಾಯಿತು. ಶಾಲೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಗಳು ಕುರ್ಚಿಯಲ್ಲಿ ಕೂತು ಹಾಗೆ ಹೇಳಿದಾಗ ಕ್ಲಾಸು ಮೈಮರೆತು ಕೇಳಿತು. ನಾಟಕದ ಮೇಡಂ ಅವನನ್ನು ಶಾಲೆಯ ಗೇಟಿನಲ್ಲಿ ಹಿಡಿದು, ಇಷ್ಟು ವರ್ಷ ಮಕ್ಕಳ ಜೊತೆ ಕೆಲಸ ಮಾಡಿದ್ದೇನೆ, ಇಂಥ ಕಲ್ಪನೆ ಕೇಳಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಬಾಗಿಲು ಎಂದರೆ ಆಕಾಶದ ಬಾಗಿಲೆಂದು ಅವರು ತಿಳಿದಿದ್ದರು. ಅವನು ಹೂಂಗುಟ್ಟಿದ. ನಾಟಕಕ್ಕೆ ‘ಮಳೆಗೆ ಹೆದರುವ ಹೊಳೆ’ ಎಂದೇ ಹೆಸರಾಯಿತು. ಹೆಡ್‌ಮಾಸ್ಟರು ಆ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಶಾಲೆಯ ಸಭಾಂಗಣಕ್ಕೆ ಮೇಲ್ಛಾವಣಿ ಹಾಕಿಸಿಕೊಟ್ಟವರು ಎಂಬ ಕೃತಜ್ಞತೆಗೆ ಬಣ್ಣದ ಕಾರ್ಖಾನೆಯ ಮ್ಯಾನೇಜರನ್ನೇ ಮುಖ್ಯ ಅತಿಥಿಯಾಗಿ ಕರೆದರು.

ಆ ಪತ್ರಿಕೆ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಬಂದ ದಿನ ತೊಟ್ಟಿಯ ಕಟ್ಟೆಯ ಮೇಲೆ ಸೂಪರ್‌ವೈಸರ್ ಅವನನ್ನು ಹುಡುಕಿಕೊಂಡು ಬಂದ. ಯಾರ ಕೊರಳಿಗೆ ಕತ್ತಿ ಇಡುವಾಗಲೂ ‘ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ’ ಎಂದು ಶುರುಮಾಡುವ ಆಸಾಮಿ. ಕೆಲಸಗಾರರೆಲ್ಲ ಅವನಿಗೆ ಒಳ್ಳೇದಪ್ಪ ಎಂದೇ ಹೆಸರಿಟ್ಟಿದ್ದರು. ಅವತ್ತು ಕೈಯಲ್ಲಿ ಎರಡು ಲೋಟ ಚಹಾ ಇತ್ತು. ಒಳ್ಳೇದಪ್ಪ ತಾನೇ ಚಹಾ ತಂದನೆಂದರೆ ಮಳೆಗಾಲಕ್ಕೆ ಮುಂಚೆ ಗುಡುಗು ಬಂದ ಹಾಗೆ.

“ಮಳೆಗೆ ಹೆದರೋ ಹೊಳೆಯಂತೆ, ಓದಿದೆಯಾ?” ಎಂದು ಲೋಟ ಕೊಟ್ಟ. “ಎಂಥಾ ಚಂದದ ಮಾತು. ಯಾರಪ್ಪ ಈ ಕವಿ ಅಂತ ಹೆಡ್‌ಮಾಸ್ಟರನ್ನ ಕೇಳಿದೆ. ಐದನೇ ಕ್ಲಾಸಿನ ಹುಡುಗಿ, ಅಪ್ಪ ನಿಮ್ಮಲ್ಲೇ ತೊಟ್ಟಿ ಕೆಲಸ ಅಂದ್ರು.”

ಅವನು ಚಹಾ ಕುಡಿದ. ಏನು ಕುಡಿದೆನೆಂದು ಗೊತ್ತಾಗಲಿಲ್ಲ.

ಮಕ್ಕಳು ಏನೋ ಒದರುತ್ತವೆ, ಅವಕ್ಕೇನು ಗೊತ್ತು ಎಂದು ತೊದಲಿದ. ಹೌದು ಹೌದು, ಮಕ್ಕಳು ಅನ್ನದ ತಟ್ಟೆಯ ಮುಂದೆ ಕೇಳಿಸಿಕೊಂಡದ್ದನ್ನೇ ಒದರುತ್ತವೆ ಎಂದ ಒಳ್ಳೇದಪ್ಪ. ನಾಟಕ ನೋಡಲು ಮ್ಯಾನೇಜರ ಜೊತೆ ಪರವಾನಗಿ ಕೊಡುವ ಆಫೀಸಿನ ದೊಡ್ಡವರೂ ಬರುತ್ತಾರೆ. ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೆ ಗೊತ್ತಿರುವುದು ಬೇರೆ, ಎಲ್ಲರೆದುರು ಮೈಕಿನಲ್ಲಿ ಕೇಳುವುದು ಬೇರೆ ಎಂದು ವಿವರಿಸಿದ.

“ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಮಾತೂ ಹಾಗೇ. ಅವತ್ತು ಆ ಮಾತು ಬಂತು ಅಂದ್ರೆ, ಮಾರನೇ ದಿನದಿಂದ ಬೂಟು ಹಾಕ್ಕೊಳ್ಳೋ ತೊಂದ್ರೆ ನಿನಗಿರಲ್ಲ. ಬಾಗಿಲಿಗೆ ಬೀಗ ಹಾಕೋ ತೊಂದ್ರೇನೂ ಇರಲ್ಲ. ಮನೆ ಖಾಲಿ ಮಾಡಿದ್ರೆ ಬೀಗ ಯಾತಕ್ಕೆ?”

ಹೇಳಿ, ಖಾಲಿ ಲೋಟಗಳನ್ನು ತಾನೇ ಎತ್ತಿಕೊಂಡು ಹೋದ.

ಮರುದಿನ ಅವನು ಪಾಳಿ ಬದಲಾಯಿಸಿಕೊಂಡು ಶಾಲೆಗೆ ಹೋದ. ನಾಟಕದ ಮೇಡಂ ಖಾಲಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತು ರಟ್ಟಿನ ಮೀನುಗಳಿಗೆ ಬೆಳ್ಳಿ ಕಾಗದ ಅಂಟಿಸುತ್ತಿದ್ದರು. ಕೂತ್ಕೊಳ್ಳಿ ಎಂದರು. ಅಲ್ಲಿದ್ದದ್ದು ಅದೊಂದೇ ಕುರ್ಚಿ. ಅವನು ಗೋಡೆಗೊರಗಿ ನಿಂತೇ ಇದ್ದ.

ಆ ಮಾತು ತೆಗೆದುಬಿಡಿ ಎಂದು ಕೇಳಿದ. ಯಾಕೆ ಎಂದು ಅವರು ಕೇಳಿದರು. ಹುಡುಗಿಗೆ ಚೆನ್ನಾಗಿಲ್ಲ ಎಂದ. ಹೆದರಿಕೆಯ ಮಾತು, ಕೇಳಿದವರಿಗೆ ಬೇಜಾರು, ಮನೆಯಲ್ಲಿ ಅವಳಮ್ಮನಿಗೆ ಇಷ್ಟವಿಲ್ಲ ಎಂದ. ಒಂದೊಂದು ಸಬೂಬಿಗೂ ಅವರು ಸೌಮ್ಯವಾಗಿಯೇ ಉತ್ತರ ಕೊಟ್ಟರು. ಕಲ್ಪನೆಯನ್ನು ಕತ್ತರಿಸಬಾರದು ಎಂದರು. ಕೊನೆಗೆ ಅವನ ಸಬೂಬುಗಳು ಮುಗಿದುಹೋದವು.

“ಅದು ಕಲ್ಪನೆ ಅಲ್ಲ ಮೇಡಂ. ಅದು ನನ್ನ ಕೆಲಸ.”

ಅಂಟಿನ ಕುಂಚ ಅವರ ಕೈಯಲ್ಲೇ ನಿಂತಿತು. ಅವನು ಎಲ್ಲವನ್ನೂ ಹೇಳಿದ. ತೊಟ್ಟಿ, ಚಕ್ರ, ಮೋಡ. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದ. ಅವರು, ಯಾರಿಗಾದರೂ ತಿಳಿಸಿದರೆ ಎಂದು ಮೆಲ್ಲಗೆ ಶುರುಮಾಡಿದರು. ಯಾರಿಗೆ ತಿಳಿಯದು ಹೇಳಿ ಎಂದ ಅವನು. ತಪಾಸಣೆಯವರಿಗೆ ತಿಳಿದಿದೆ, ಅವರು ಬರುವ ಹಿಂದಿನ ದಿನವೇ ಹೇಳಿ ಬರುತ್ತಾರೆ. ಕೆಳಗಿನ ಊರಿನವರಿಗೆ ತಿಳಿದಿದೆ, ಮೋಡ ಕಂಡ ಕೂಡಲೇ ಕೊಡಗಳಿಗೆ ನೀರು ತುಂಬಿಟ್ಟುಕೊಳ್ಳುತ್ತಾರೆ. ದೂರು ಕೊಟ್ಟವನೊಬ್ಬನಿದ್ದ, ಈಗ ಅವನ ಮಗ ನಮ್ಮಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ದನವನ್ನು ಅಟ್ಟಿ ಏನು ಪ್ರಯೋಜನ?

ಮೇಡಂ ಬೆರಳಿಗಂಟಿದ ಬೆಳ್ಳಿ ಕಾಗದವನ್ನು ಕೆರೆಯುತ್ತ ಕೂತರು. ಬೇಕಾದರೆ ಹೊಳೆಯ ಪಾತ್ರ ಬೇರೆ ಹುಡುಗಿಗೆ ಕೊಡಬಹುದು, ಇವಳು ಸೇತುವೆಯಾಗಲಿ, ಸೇತುವೆಗೆ ಒಂದೇ ಮಾತು ಎಂದರು. ಹಾಗೆ ಮಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಊರಿನ ಆಚೆ ತುದಿಯ ಶಾಲೆ ಕಾದಿರುತ್ತದೆ.

“ಕುರ್ಚಿಯಲ್ಲಿ ಕೂತವರಿಗೆ ಇಂಥದ್ದೇ ಹೇಳು ಅಂತ ನಾನು ಯಾವತ್ತೂ ಹೇಳಿಕೊಟ್ಟಿಲ್ಲ” ಎಂದರು ಕೊನೆಗೆ. “ನನ್ನ ಕೈಲಿ ಆಗಲ್ಲ. ನೀವೇ ಅವಳ ಹತ್ರ ಮಾತಾಡಿ.”

ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಸ್ಕೂಟರಿನ ಸೀಟು ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು. ಈ ವರ್ಷದ ಕೊನೆಗೆ ಅವರನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಎಂಬುದೂ ಹೆಡ್‌ಮಾಸ್ಟರ ಕೈಯಲ್ಲಿತ್ತು.

ಶಾಲೆ ಬಿಟ್ಟ ಮೇಲೆ ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಸೇತುವೆಯ ದಾರಿಯಲ್ಲಿ ನಡೆದ. ಬಿಸಿಲಿತ್ತು. ಹೊಳೆ ಕಲ್ಲುಗಳ ನಡುವೆ ತೆಳ್ಳಗೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮಗಳು ರಟ್ಟಿನ ಹೊಗೆಗೊಳವೆ ಹೊತ್ತ ಹುಡುಗನ ಬಗ್ಗೆ, ಮಾತು ಮರೆಯುವ ಮೀನಿನ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದಳು. ಅವಳ ಮಾತಿನ ನಡುವೆ ಎಲ್ಲಿ ಬಾಯಿ ಹಾಕುವುದೆಂದು ತಿಳಿಯದೆ ಅವನು ಸೇತುವೆಯ ಅರ್ಧ ದಾಟಿದ. ಆಮೇಲೆ ನಿಂತು, ನಾಟಕದಲ್ಲಿ ಮಳೆಯ ಮಾತು ಬೇಡ ಪುಟ್ಟಿ ಎಂದ.

“ಯಾಕೆ? ನೀನೇ ಹೇಳಿದ್ದು.”

“ನಾನು ಸುಮ್ನೆ ಹೇಳಿದ್ದು.”

“ಕುರ್ಚಿಯಲ್ಲಿ ಸುಳ್ಳು ಹೇಳಬಾರದು. ಆಮೇಲೆ, ಕುರ್ಚಿಯಲ್ಲಿ ಆಡಿದ ಮಾತಿಗೆ ಯಾರೂ ಬಯ್ಯಲ್ಲ.”

“ಬಯ್ಯಲ್ಲ ಕಣೇ. ಕಳಿಸ್ತಾರೆ, ಅಷ್ಟೇ.”

“ಯಾರನ್ನ?”

“ನಮ್ಮನ್ನ.”

ಅವಳು ಕಂಬಿಯ ಸಂದಿನಿಂದ ಕೆಳಗೆ ನೋಡಿದಳು. ಯೋಚಿಸುವಾಗ ಮೇಲ್ದುಟಿಯನ್ನು ನಾಲಿಗೆಯಿಂದ ಮುಟ್ಟಿಕೊಳ್ಳುವುದು ಅವಳಮ್ಮನ ಅಭ್ಯಾಸ; ಅವಳೂ ಹಾಗೇ ಮಾಡಿದಳು.

“ಅಪ್ಪ, ನೀನು ‘ಅವರು ಬಾಗಿಲು ತೆಗೀತಾರೆ’ ಅಂದೆಯಲ್ಲ. ಯಾರು ಅವರು?”

ಅವನಿಗೆ ಆಗ ಹೇಳಲು ಎಷ್ಟೋ ಹೆಸರುಗಳಿದ್ದವು. ಮ್ಯಾನೇಜರಿದ್ದ, ಒಳ್ಳೇದಪ್ಪನಿದ್ದ, ಎಲ್ಲೋ ದೂರದಲ್ಲಿ ಕೂತು ಅಗ್ಗದ ಬಟ್ಟೆ ಕೇಳುವ, ಮುಖ ಕಾಣದ ಗಿರಾಕಿಗಳಿದ್ದರು.

“ನಾನೇ” ಎಂದ.

“ನೀನೊಬ್ಬನೇನಾ?”

“ಚಕ್ರ ತಿರುಗಿಸೋದು ನಾನೊಬ್ಬನೇ.”

ಅವಳು ಕಂಬಿಗೆ ಹಣೆ ಒತ್ತಿ ಮತ್ತೆ ಕೆಳಗೆ ನೋಡಿದಳು. ಅಳಲಿಲ್ಲ. ಅವನು ತಡೆಯಲಾರದೆ, ಪ್ಲಾಸ್ಟಿಕ್ಕಿಗೆ ಭಯ ಎನ್ನು, ಕಸಕ್ಕೆ ಭಯ ಎನ್ನು, ನಿನಗೆ ಬೇಕಾದ್ದು ಹೇಳು ಎಂದು ಗೋಗರೆದ. ಪ್ಲಾಸ್ಟಿಕ್ ಮೀನಿನ ಮಾತು, ಅದನ್ನು ನಾನು ಹೇಳೋ ಹಾಗಿಲ್ಲ ಎಂದಳು, ವ್ಯವಹಾರದ ಧ್ವನಿಯಲ್ಲಿ. ಸ್ವಲ್ಪ ದೂರ ನಡೆದ ಮೇಲೆ ಆಯ್ತು ಎಂದಳು. ಏನು ಆಯ್ತು ಎಂದು ಅವನು ಕೇಳಲಿಲ್ಲ. ಅವತ್ತು ಮನೆ ತಲುಪುವ ತನಕ ಅವಳಿಂದ ಬೇರೆ ಮಾತು ಬರಲಿಲ್ಲ. ಬೀಗ ಮತ್ತೆ ಬಿತ್ತು, ಅದೂ ನನ್ನ ಕೈಯಿಂದಲೇ ಬಿತ್ತು ಎಂದುಕೊಂಡ.

ನಾಟಕದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಮ್ಯಾನೇಜರು, ಪರವಾನಗಿ ಆಫೀಸಿನವರು, ಹೆಡ್‌ಮಾಸ್ಟರು. ಅವರ ಹಿಂದೆ ಒಳ್ಳೇದಪ್ಪ. ಇತ್ತ ಹುಡುಗಿಯ ಅಪ್ಪ, ಅವನ ಹೆಂಡತಿ ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕೂತಿದ್ದರು. ಅವಳು ಮುಂದೆ ಕೂತವರ ಅಂಗಿಗಳನ್ನು ನೋಡಿ, ಅದು ನಾನು ಒತ್ತಿದ್ದು, ಇದೂ ನಾನು ಒತ್ತಿದ್ದು ಎಂದು ಗುರುತು ಹಿಡಿದಳು. ಅವನಿಗೆ ನಗು ಬರಲಿಲ್ಲ. ಅವಳು ಹೇಳಿದ್ದೂ ನಗಿಸಲಿಕ್ಕಲ್ಲ.

ಕಾರ್ಖಾನೆಯಾದ ಹುಡುಗನ ಹೊಗೆಗೊಳವೆ ಪರದೆಯ ಹಗ್ಗಕ್ಕೆ ಸಿಕ್ಕಿಕೊಂಡು, ಕಾರ್ಖಾನೆಯೇ ಹಿಂದಕ್ಕೆ ವಾಲಿತು. ಜನ ಬಿದ್ದು ಬಿದ್ದು ನಕ್ಕರು, ಮ್ಯಾನೇಜರು ಎಲ್ಲರಿಗಿಂತ ಜೋರಾಗಿ. ಸೇತುವೆಗೆ ಇದ್ದ ಒಂದೇ ಮಾತೂ ಮರೆತುಹೋಯಿತು. ಆಮೇಲೆ ಅವನ ಮಗಳು ನೀಲಿ ದುಪ್ಪಟ್ಟ ಹೊದ್ದು ಬಂದು ಕುರ್ಚಿಯಲ್ಲಿ ಕೂತಳು. ಪುಟ್ಟ ಕಾಲುಗಳು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮೀನು ಅವಳ ವಯಸ್ಸು ಕೇಳಿತು. ಹೇಳಿದಳು. ಯಾರು ಇಷ್ಟ ಎಂದು ಕೇಳಿತು. ಕಲ್ಲಿನ ಮೇಲೆ ಸುಮ್ಮನೆ ಕೂರುವವರು ಎಂದಳು. ದನಿ ನಡುಗಲಿಲ್ಲ. ಮಾತಾಡುತ್ತಿದ್ದಾಳಲ್ಲ, ಅಷ್ಟು ಸಾಕು ಎಂದು ಅವನ ಎದೆ ಹಗುರವಾಯಿತು. ಮರುಗಳಿಗೆ ಮೀನು ಕೇಳಿತು:

“ಹೊಳೆಯೇ, ನಿನಗೆ ಯಾವುದಕ್ಕೆ ಭಯ?”

ಒಳ್ಳೇದಪ್ಪ ಕತ್ತು ಹೊರಳಿಸಿ ಕೊನೆಯ ಸಾಲನ್ನು ಹುಡುಕಿದ. ಪರದೆಯ ಸಂದಿಯಲ್ಲಿ ಮೇಡಂ ಮುಖ ಕಾಣಿಸಿತು.

“ಯಾವುದಕ್ಕೂ ಇಲ್ಲ” ಎಂದಳು ಹುಡುಗಿ. “ನಾನು ಮಳೆಗೆ ಹೆದರ್ತೀನಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಹೊರಗೆ ಹಾಗಂತ ಬರೆದೂ ಇದ್ದಾರೆ. ಅದು ಸುಳ್ಳು. ಮಳೆ ಬಂದ್ರೆ ನನಗೆ ತುಂಬಾ ಖುಷಿ.”

ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನೋಡುವವರೂ ಪ್ರಶ್ನೆ ಕೇಳಬಹುದು ಎಂಬುದು ಆ ಆಟದ ಕಟ್ಟಳೆ. ಮ್ಯಾನೇಜರು ಖುಷಿಯಲ್ಲಿ ಕೈ ಎತ್ತಿದರು. ಇಷ್ಟು ಆರೋಗ್ಯವಾಗಿದ್ದೀಯಲ್ಲ, ನಿನ್ನನ್ನು ಯಾರು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಕೇಳಿದರು, ಮಕ್ಕಳ ಹತ್ತಿರ ಮಾತಾಡುವ ಸಕ್ಕರೆಯ ದನಿಯಲ್ಲಿ. ಇದು ಯಾರೂ ಅಭ್ಯಾಸ ಮಾಡಿಸದ ಪ್ರಶ್ನೆ. ಹುಡುಗಿ ಮೇಲ್ದುಟಿಯನ್ನು ನಾಲಿಗೆಯಿಂದ ಮುಟ್ಟಿಕೊಂಡಳು.

“ಕಾರ್ಖಾನೆಯ ತೊಟ್ಟಿ ಹತ್ರ ಒಬ್ಬರಿದ್ದಾರೆ. ಮೋಡ ಕಟ್ಟಿದ ಕೂಡ್ಲೇ ಓಡಿ ಬರ್ತಾರೆ. ಕೊಳೆ ಒಂದು ಹನಿಯೂ ನನ್ನೊಳಗೆ ಬರದ ಹಾಗೆ ಬಾಗಿಲನ್ನ ಗಟ್ಟಿಯಾಗಿ ಮುಚ್ತಾರೆ. ಮಳೆ ನಿಲ್ಲೋ ತನಕ ಅಲ್ಲೇ ನೆನೀತಾ ನಿಂತಿರ್ತಾರೆ.”

ಆಮೇಲೆ ಹೆಡ್‌ಮಾಸ್ಟರು, ಅದು ಈ ಮಗುವಿನ ತಂದೆಯೇ ಎಂದು ಮ್ಯಾನೇಜರ ಕಿವಿಯಲ್ಲಿ ಹೇಳಿದರು. ಮ್ಯಾನೇಜರು ಎದ್ದು ನಿಂತು ಹಿಂದೆ ತಿರುಗಿ ಚಪ್ಪಾಳೆ ತಟ್ಟಿದರು. ಪರವಾನಗಿ ಆಫೀಸಿನವರೂ ಎದ್ದರು. 'ಏಳಿ, ಏಳಿ' ಎಂದು ಪಕ್ಕದವರು ಅವನನ್ನು ಎಬ್ಬಿಸಿ ನಿಲ್ಲಿಸಿದರು. ಅಷ್ಟು ಜನರ ಕಣ್ಣು ಅವನ ಮೇಲೆ. ಅವನು ವೇದಿಕೆಯ ಕಡೆ ನೋಡಿದ. ಕುರ್ಚಿಯಲ್ಲಿದ್ದವಳು ಅವನನ್ನೇ ನೋಡುತ್ತಿದ್ದಳು, ಸರಿಯಾಯಿತಾ ಎಂದು ಕೇಳುವ ಹಾಗೆ. ಅವನು ತಲೆಯಾಡಿಸಿದ.

ಹೊರಗೆ ನಾಟಕದ ಮೇಡಂ ಸಿಕ್ಕರು. ಚೆನ್ನಾಗಿ ಮಾಡಿದಳು ಎಂದರು. ಅವರ ಕಣ್ಣು ಅವನ ಅಂಗಿಯ ಗುಂಡಿಯ ಮೇಲಿತ್ತು. ಇದೇ ನಾಟಕವನ್ನು ಸುತ್ತಲಿನ ಶಾಲೆಗಳಲ್ಲೆಲ್ಲ ಆಡಿಸಲು ಕಾರ್ಖಾನೆಯವರು ಕೇಳಿದ್ದಾರೆ, ಮುಂದಿನ ವರ್ಷಕ್ಕೂ ತನ್ನನ್ನು ಇಟ್ಟುಕೊಳ್ಳುತ್ತಾರೆ ಎಂದರು. ಒಳ್ಳೆಯದಾಯಿತಲ್ಲ ಎಂದ. ಹೌದು, ಒಳ್ಳೆಯದೇ ಎಂದರು. ಇಬ್ಬರಿಗೂ ಅಲ್ಲಿಂದ ಬೇಗ ಹೊರಟರೆ ಸಾಕಿತ್ತು.

ಮಳೆಗಾಲ ಹಿಡಿಯಿತು. ಮಗಳಿಗೆ ಶಾಲೆಯಲ್ಲಿ ಕುರ್ಚಿ ಬೇಕಾಗಲಿಲ್ಲ ಈಗ. ಹಾಜರಿಗೆ ಬಾಯಿ ತುಂಬ ಉತ್ತರ ಕೊಡುತ್ತಾಳೆ, ಜಗಳಕ್ಕೂ ಮುಂದು ಎಂದು ಹೆಡ್‌ಮಾಸ್ಟರೇ ಹೊಗಳಿದರು. ತೊಟ್ಟಿಯ ಬಳಿ ಒಳ್ಳೇದಪ್ಪ ಅವನನ್ನು ‘ಹೊಳೆ ಕಾಯೋ ಸಾಹೇಬರೇ’ ಎಂದು ಕರೆಯತೊಡಗಿದ, ಉಳಿದವರೂ ಕಲಿತರು. ಮೊದಲ ದೊಡ್ಡ ಮಳೆಗೆ ಚಕ್ರ ತುಕ್ಕು ಹಿಡಿದು ಬಿಗಿದಿತ್ತು. ಎರಡೂ ಕಾಲು ಊರಿ, ಮೈಯೆಲ್ಲ ಹಾಕಿ ತಿರುಗಿಸಿದ. ತೊಟ್ಟಿಯ ಅಡಿಯಲ್ಲಿ ಗುಡುಗುಡು ಸದ್ದು ಹುಟ್ಟಿ, ಕೊಳವೆಯ ಗುಂಟ ದೂರವಾಯಿತು. ತೊಟ್ಟಿ ಖಾಲಿಯಾಗುವ ತನಕ ಅವನು ಅಲ್ಲೇ ನೆನೆಯುತ್ತ ನಿಂತಿದ್ದ.

ಪಾಳಿ ಮುಗಿಸಿ ಬರುವಾಗ ಶಾಲೆ ಬಿಟ್ಟಿತ್ತು. ಮಳೆ ಇಳಿಮುಖವಾಗಿ, ಸೇತುವೆಯ ಮೇಲೆ ಮಗಳು ಗೆಳತಿಯರ ಜೊತೆ ಕಂಬಿಗೆ ಒರಗಿ ನಿಂತಿದ್ದಳು. ಕೆಳಗೆ ಹೊಳೆ ಉಕ್ಕಿ ಹರಿಯುತ್ತಿತ್ತು. ಅಂಚಿನಲ್ಲಿ ಮಣ್ಣಿನ ಕೆಂಪು, ನಡುವೆ ಮಾತ್ರ ಜಜ್ಜಿದ ಉಗುರಿನ ಹಾಗೆ ಕಪ್ಪು-ನೇರಳೆಯ ಒಂದು ಪಟ್ಟಿ. ಕಲ್ಲಿಗೆ ಬಡಿದಲ್ಲೆಲ್ಲ ನೊರೆ. ಅವನು ಸ್ವಲ್ಪ ಹಿಂದೆಯೇ ನಿಂತ.

“ಯಾಕೆ ಹೀಗಿದೆ ಇದು?” ಎಂದು ಒಬ್ಬ ಹುಡುಗಿ ಕೇಳುತ್ತಿದ್ದಳು.

“ಮಣ್ಣು ಕಣೇ” ಎಂದಳು ಅವನ ಮಗಳು. “ಮೇಲಿನ ಊರಲ್ಲಿ ಕಪ್ಪು ಮಣ್ಣಿದೆ, ಕೊಚ್ಕೊಂಡು ಬರುತ್ತೆ. ಮಳೆಗಾಲದಲ್ಲಿ ಯಾವಾಗ್ಲೂ ಹೀಗೇ.”

“ನೊರೆ?”

“ನೀರು ಜೋರಾಗಿ ಬಿದ್ರೆ ನೊರೆ ಬರಲ್ವಾ? ಬಕೆಟ್ಟಲ್ಲೂ ಬರುತ್ತೆ.”

ಒಂದೂ ತಡವರಿಸದೆ, ಒಂದೂ ಯೋಚಿಸದೆ ಹೇಳಿದಳು. ಆ ಹುಡುಗಿಗೆ ಪೂರ್ತಿ ನಂಬಿಕೆ ಬಂದಂತಿರಲಿಲ್ಲ. ಮತ್ತೆ ಬಗ್ಗಿ ನೋಡಿದಳು. ಅಷ್ಟರಲ್ಲಿ ಮಗಳು ತಿರುಗಿ ಅವನನ್ನು ಕಂಡಳು. ಮುಖ ಅರಳಿತು.

“ಬೇಕಾದ್ರೆ ನಮ್ಮಪ್ಪನ್ನೇ ಕೇಳು” ಎಂದಳು. “ಅವನಿಗೆ ಹೊಳೆ ವಿಷಯ ಎಲ್ಲಾ ಗೊತ್ತು.”

ಮಕ್ಕಳೆಲ್ಲ ಅವನ ಕಡೆ ತಿರುಗಿ ಕಾದರು.

“ಹೌದಮ್ಮ” ಎಂದ. “ಮಣ್ಣೇ.”